ಬಂದ್ ಮಾಡಿ, ಯಾರು ಒದರುತ್ತಾರೆ ನೋಡೋಣ

ಬೇರೆ ಬೇರೆಯಾಗಿ ಸುಖವಾಗಿದ್ದ ವಸ್ತುಗಳನ್ನು ಹಿಡಿದು ಒಂದು ಮಾಡುತ್ತೇವೆ ಎಂದು ಹೊರಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು "ಈ ಮನುಷ್ಯ ಸಿಟ್ಟಿನಲ್ಲಿ ಬರೆದಿದ್ದಾನೆ" ಎಂದು ಏನೋ ಪತ್ತೆ ಮಾಡಿದವರ ಹಾಗೆ ಮಾತಾಡುವುದು ಬೇಡ. ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಕಳೆದ ದೀಪಾವಳಿಗೆ ಅಡಿಗೆಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ಸುವರ್ಣಾ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂದು ಮೂರು ಸಣ್ಣ ಡಬ್ಬಿಗಳಲ್ಲಿ ಇದ್ದ ಚಟ್ನಿಪುಡಿಗಳನ್ನೆಲ್ಲ ಒಂದೇ ದೊಡ್ಡ ಸ್ಟೀಲ್ ಡಬ್ಬಿಗೆ ಸುರಿದು, "ಎಷ್ಟ್ ಜಾಗಾ ಉಳೀತು ನೋಡ್ರಿ" ಎಂದು ಹಿಗ್ಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿಗೆ ಒಂದೇ ರುಚಿ. ಅದು ಶೇಂಗಾದ್ದೂ ಅಲ್ಲ, ಅಗಸಿಯದ್ದೂ ಅಲ್ಲ. ನಾನು ಮುಖ ಗಂಟಿಕ್ಕಿಕೊಂಡರೆ, "ಹೊಟ್ಟ್ಯಾಗ ಹೋದ ಮ್ಯಾಲ ಎಲ್ಲಾ ಒಂದೇ ಅಲ್ರಿ" ಎಂದಳು. ಇದೇ ಮಾತು ಈ ವರ್ಷ ನಾಸಿಕ್‌ನ ಹೆಡ್ ಆಫೀಸಿನಿಂದ ನಮ್ಮ ಕಾರ್ಖಾನೆಗೂ ಬಂತು.

ನಾನು ಮೂಲತಃ ಹುಮನಾಬಾದ ಕಡೆಯವನು. ಹೊಟ್ಟೆಪಾಡಿಗೆಂದು ಮರಾಠವಾಡದ ಸಂಭಾಜಿನಗರಕ್ಕೆ ಬಂದು, ಇಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೋಟಾರು ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಸರ್ವರ್ ರೂಮಿನ ಉಸ್ತುವಾರಿ ನೋಡಿಕೊಂಡು, ತಲೆ ನರೆಸಿಕೊಂಡಿದ್ದೇನೆ. ಸರ್ವರ್ ರೂಮ್ ಎಂದರೆ ಕಾರ್ಖಾನೆಯ ಲೆಕ್ಕ, ಹಾಜರಿ, ನಕ್ಷೆ, ಸರಕು ಎಲ್ಲಿಗೆ ಹೋಯಿತು ಎಂಬ ವಿವರ, ಇಷ್ಟನ್ನೂ ನೆನಪಿಟ್ಟುಕೊಳ್ಳುವ ದೊಡ್ಡ ಕಂಪ್ಯೂಟರುಗಳು ಕಬ್ಬಿಣದ ಚೌಕಟ್ಟಿನಲ್ಲಿ ಸಾಲಾಗಿ ಕುಳಿತು ಗುಂಯ್‌ಗುಡುವ ಕೋಣೆ. ಅವಕ್ಕೆ ಸೆಕೆ ಆಗಬಾರದು. ಆದ್ದರಿಂದ ಮರಾಠವಾಡದ ಏಪ್ರಿಲ್ಲಿನಲ್ಲಿ ಇಡೀ ಊರು ಹೆಂಚಿನ ಮೇಲೆ ಕುಳಿತಿರುವಾಗ ನಾನು ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ನಮ್ಮ ಮನೆಯ ಹಗ್ಗದ ಮೇಲೆ ಒಣಗುವ ಸ್ವೆಟರ್ ನೋಡಿ ಪಕ್ಕದ ಮನೆಯವರು ಮೊದಲ ವರ್ಷ ಸುವರ್ಣಾಳನ್ನು ಕೇಳಿದ್ದರಂತೆ, "ವಹಿನಿ, ಯಜಮಾನರಿಗೆ ಮಲೇರಿಯಾವೇ?" ಎಂದು. ನಾನು ಹೆಮ್ಮೆಯಿಂದಲೇ ನಕ್ಕಿದ್ದೆ. ಇಡೀ ಕಾರ್ಖಾನೆಯಲ್ಲಿ ಜನರಲ್ ಮ್ಯಾನೇಜರರನ್ನು ಬಿಟ್ಟರೆ ಎಸಿ ಇದ್ದದ್ದು ನನಗೊಬ್ಬನಿಗೆ. ಯಂತ್ರಗಳಿಗೆ ಎಂದೇ ಹೇಳಬೇಕು, ಆದರೆ ಅವುಗಳ ಜೊತೆ ಕುಳಿತವನು ನಾನು.

ಆ ಯಂತ್ರಗಳನ್ನು ನಾನು ಹೇಗೆ ನೋಡಿಕೊಂಡಿದ್ದೆ ಎಂಬುದನ್ನು ಸ್ವಲ್ಪ ಹೇಳಬೇಕು. ಇಲ್ಲಿ ಖಂಡೇನವಮಿಯ ದಿನ ಕಾರ್ಖಾನೆಯ ಯಂತ್ರಗಳಿಗೆಲ್ಲ ಪೂಜೆ. ಕೆಳಗೆ ಲೇತ್ ಮಷಿನ್ನಿನವರು ಝೆಂಡು ಹೂವಿನ ಮಾಲೆ ಹಾಕಿ, ಅರಿಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಪೇಢೆ ಹಂಚಿ ಮುಗಿಸುತ್ತಾರೆ. ನಾನು ಬೀದರ ಜಿಲ್ಲೆಯವನು, ಶಿವಭಕ್ತರ ಮನೆಯಲ್ಲಿ ಹುಟ್ಟಿದವನು. ಬರೀ ಕುಂಕುಮದಿಂದ ನನಗೆ ಸಮಾಧಾನ ಆಗುವುದಿಲ್ಲ. ಪ್ರತಿಯೊಂದು ಸರ್ವರಿನ ಹಣೆಯ ಮೇಲೆ ನೀರಲ್ಲಿ ಕಲಸಿದ ವಿಭೂತಿಯ ಮೂರು ಬೆರಳು ಎಳೆದೇ ಬಿಡುತ್ತಿದ್ದೆ. ಸರ್ವರಿನ ಹಣೆ ಎಲ್ಲಿದೆ ಎಂದು ಕೇಳಬೇಡಿ. ಮುಂಭಾಗದಲ್ಲಿ, ಕಂಪನಿಯವರು ಅದರ ಹೆಸರು ಮತ್ತು ಕೆಲಸ ಬರೆದು ಅಂಟಿಸಿದ ಚೀಟಿ ಇರುತ್ತದಲ್ಲ, ವಿಭೂತಿ ಹಚ್ಚಲು ಅಷ್ಟು ಅನುಕೂಲವಾದ ಜಾಗ ಬೇರೆ ಇರಲಿಲ್ಲ. ವರ್ಷ ವರ್ಷ ಹಚ್ಚಿ, ಮರುವರ್ಷ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಚ್ಚಿ, ಹೆಸರುಗಳೆಲ್ಲ ಅಳಿಸಿ ಹೋದವು. ಹೋದರೆ ಹೋಗಲಿ ಎಂದು ನಾನೇ ಹೆಸರಿಟ್ಟುಕೊಂಡೆ. ಬೇಗ ಬಿಸಿಯಾಗುವುದು ಸೋದರಮಾವ. ಎಷ್ಟು ತುಂಬಿದರೂ ಸಾಲದು ಎನ್ನುವುದು ದೊಡ್ಡಕ್ಕ. ಎಲ್ಲಕ್ಕಿಂತ ಹಳೆಯದು, ಹಿಂದಿನ ಸಾಲಿನ ಕೆಳಗಡೆ ಕುಳಿತು ಕೆಮ್ಮಿದ ಹಾಗೆ ಸದ್ದು ಮಾಡುತ್ತ, ಹಗಲು ರಾತ್ರಿ ಹಸಿರು ದೀಪ ಮಿಟುಕಿಸುತ್ತಿದ್ದುದು ದೊಡ್ಡಪ್ಪ. ದೊಡ್ಡಪ್ಪ ಏನು ಕೆಲಸ ಮಾಡುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ಅವನನ್ನು ನಿಲ್ಲಿಸಿದರೆ ಕಾರ್ಖಾನೆ ನಿಲ್ಲುತ್ತದೆ ಎಂದು ನನಗಿಂತ ಮೊದಲಿದ್ದವರು ಹೇಳಿ ಹೋಗಿದ್ದರು. ಅವರಿಗೆ ಅವರಿಗಿಂತ ಮೊದಲಿದ್ದವರು ಹೇಳಿದ್ದರಂತೆ.

ಹೀಗಿರುವಾಗ ನಾಸಿಕ್‌ನ ಹೆಡ್ ಆಫೀಸಿಗೆ ಹೊಸ ಐಟಿ ಮುಖ್ಯಸ್ಥ ಬಂದ. ಬಿರಾದಾರ ಎಂದು ಹೆಸರು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ವಿಚಾರಿಸಿದರೆ ಭಾಲ್ಕಿಯವನು. ನಮ್ಮ ಕಡೆಯ ಹುಡುಗ ಇಷ್ಟು ದೊಡ್ಡ ಕುರ್ಚಿಯಲ್ಲಿ ಕುಳಿತನಲ್ಲ ಎಂದು ಸಂತೋಷಪಟ್ಟು ಅಂದು ಮನೆಗೆ ಜಿಲೇಬಿ ಒಯ್ದಿದ್ದೆ. ಆ ಜಿಲೇಬಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವನು ಮೊದಲ ಫೋನಿನಲ್ಲಿಯೇ, "ಕಾಕಾ, ಆರಾಮ್ ಇದ್ದೀರಿಲ್ರಿ?" ಎಂದು ಶುರು ಮಾಡಿದ. ನನ್ನ ಮೇಲಧಿಕಾರಿ, ವಯಸ್ಸಿನಲ್ಲಿ ನನ್ನ ತಂಗಿಯ ಮಗನಷ್ಟು, ಬಾಯಿ ತುಂಬ ಕಾಕಾ ಎನ್ನುತ್ತಾನೆ. 'ಮಿಸ್ಟರ್' ಎಂದು ಕರೆಯುವ ಸಾಹೇಬನ ಜೊತೆ ಜಗಳವಾಡಬಹುದು. ಕಾಕಾ ಎಂದವನ ಜೊತೆ ಹೇಗೆ ಆಡುವುದು ಹೇಳಿ. ಆರೋಗ್ಯ, ಮಳೆ, ಭಾಲ್ಕಿಯ ಸುದ್ದಿ ಎಲ್ಲ ಮುಗಿದ ಮೇಲೆ ಅವನು ಮೆಲ್ಲಗೆ, "ಕಾಕಾ, ನಿಮ್ ಕಡಿ ಮಷಿನ್ ಭಾಳ ಹಳೇವ್ ಆಗ್ಯಾವ. ನಾಸಿಕ್ಕಿಗಿ ಎರಡು ಹೊಸಾವು ತರಸ್ಲತೀನಿ. ನಿಮ್ಮವು ಎಲ್ಲಾದ್ರ ಕೆಲಸ ಅವೆರಡರ ಹೊಟ್ಟ್ಯಾಗ ಹಾಕಿಬಿಡಮು" ಎಂದ.

"ಮತ್ತ ರೂಮ್?" ಎಂದೆ.

"ಖಾಲಿ ಆಗ್ತದ. ಪೇಂಟಿನವರು ಜಾಗಾ ಕೇಳ್ಲತಾರ."

"ಮತ್ತ ನಾ?"

"ನೀವು ನಾಸಿಕ್ಕಿಗಿ ಬರ್ರಿ ಕಾಕಾ, ಹವಾ ಛಲೋ ಅದ. ಒಲ್ಲೆ ಅಂದ್ರ ಅಲ್ಲೇ ಸ್ಟೋರ್ಸ್‌ನ್ಯಾಗ ಅಡ್ಜಸ್ಟ್ ಮಾಡಮು."

ನಮ್ಮ ಸ್ಟೋರ್ಸ್ ಎಂದರೆ ತಗಡಿನ ಶೆಡ್ಡು. ಏಪ್ರಿಲ್ಲಿನಲ್ಲಿ ಅಲ್ಲಿ ನಟ್ಟು ಬೋಲ್ಟು ಮುಟ್ಟಿದರೆ ಬೆರಳು ಚುರ್ ಎನ್ನುತ್ತದೆ. ಮನೆಗೆ ಬಂದು ಸುವರ್ಣಾಳಿಗೆ ಹೇಳಿದೆ. ಅವಳು ಮನೆಯಲ್ಲಿಯೇ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಕಲಬುರ್ಗಿ, ಬೀದರ ಕಡೆಯ ಎಷ್ಟೋ ಮನೆಗಳು ಅವಳ ರೊಟ್ಟಿಯ ಮೇಲೆಯೇ ನಡೆಯುತ್ತವೆ. ಕೈಯಾಡಿಸುತ್ತಲೇ, "ನಾ ಬರಂಗಿಲ್ಲ ನೋಡ್ರಿ. ನನ್ನ ಗಿರಾಕಿ ಎಲ್ಲಾ ಇಲ್ಲೇ ಅವ. ನೀವ್ ಬೇಕಾದ್ರ ಹೋಗ್ರಿ, ಶನಿವಾರಕ್ಕೊಮ್ಮಿ ಬಂದ್ ಹೋಗ್ರಿ" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನನ್ನು ವಾರದ ಸಂತೆಯ ಲೆಕ್ಕಕ್ಕೆ ಹಾಕಿಬಿಟ್ಟಳು. ಮಗಳು ಗೌರಿ ನಮ್ಮ ಕನ್ನಡವನ್ನೆಲ್ಲ ಕೇಳಿಸಿಕೊಂಡು, ಅವಳ ರೂಢಿಯಂತೆ ಮರಾಠಿಯಲ್ಲಿ, ಸ್ಟೋರ್ಸ್‌ನಲ್ಲಿ ಫ್ಯಾನಾದರೂ ಇದೆಯೋ ಇಲ್ಲವೋ ಎಂದು ವಿಚಾರಿಸಿದಳು. ನನಗೆ ಅಂದು ಊಟ ಸೇರಲಿಲ್ಲ. ಹಿಂಡಿ ಹೇಗೂ ಸೇರುತ್ತಿರಲಿಲ್ಲ.

ಮರುದಿನ ಬಿರಾದಾರನಿಗೆ ನಾನೇ ಫೋನ್ ಮಾಡಿ, ಯಾವುದಾದರೂ ಯಂತ್ರ ಇಲ್ಲಿಂದ ಕದಲಿಸಲು ಬರುವಂತಿಲ್ಲ ಎಂದಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವನು ಧಾರಾಳವಾಗಿ, "ಒಂದರ ಮಷಿನ್ ಇಲ್ಲೇ ಬೇಕು ಅಂತ ಸಾಬೀತ್ ಆಗ್ಲಿ ಕಾಕಾ. ರೂಮೂ ಇರ್ತದ, ನೀವೂ ಇರ್ತೀರಿ" ಎಂದ. ನನಗೆ ಜೀವ ಬಂತು. ದೊಡ್ಡಪ್ಪ ಇರುವ ತನಕ ನನಗೆ ಯಾರ ಹೆದರಿಕೆ?

ಬಿರಾದಾರ ಖುದ್ದಾಗಿ ಬಂದ. ಬಂದವನು ಮೊದಲು ಹತ್ತಿರದ ವೇರೂಳಿಗೆ ಹೋಗಿ ಘೃಷ್ಣೇಶ್ವರನ ದರ್ಶನ ಮಾಡೋಣ, ಆಮೇಲೆ ಕೆಲಸ ಎಂದ. ಅವನೂ ಶಿವಭಕ್ತ, ನಾನೂ ಶಿವಭಕ್ತ, ಇಲ್ಲ ಎನ್ನುವುದು ಹೇಗೆ. ಗರ್ಭಗುಡಿಗೆ ಗಂಡಸರು ಅಂಗಿ ಕಳಚಿ ಹೋಗಬೇಕು. ಹಾಗೆ ಇಬ್ಬರೂ ಬರಿಮೈಯಲ್ಲಿ ಅಕ್ಕಪಕ್ಕ ಕುಳಿತು, ಒಂದೇ ಲಿಂಗದ ಮೇಲೆ ಕೈಯಿಟ್ಟು ಬೇಡಿಕೊಂಡೆವು. ಕೆಲಸ ಸಲೀಸಾಗಿ ಮುಗಿಯಲಿ ಎಂದು ಅವನು, ನಡುವೆಯೇ ಕೆಟ್ಟು ನಿಲ್ಲಲಿ ಎಂದು ನಾನು. ಹೊರಗೆ ಬಂದು ನನ್ನ ಕೈಗೆ ಪ್ರಸಾದ ಕೊಟ್ಟು, "ಏನ್ ಬೇಡ್ಕೊಂಡ್ರಿ ಕಾಕಾ?" ಎಂದು ಕೇಳಿದ. ಕಂಪನಿಯ ಒಳ್ಳೆಯದನ್ನು ಎಂದೆ.

ಸರ್ವರ್ ರೂಮಿಗೆ ಬಂದು ಚಪ್ಪಲಿ ಕಳಚಿ ಒಳಗೆ ಕಾಲಿಟ್ಟವನು ಹಾಗೆಯೇ ನಿಂತುಬಿಟ್ಟ. ನಾಸಿಕ್‌ನಲ್ಲಿ ಕುಳಿತವನಿಗೆ ಪರದೆಯ ಮೇಲೆ ಯಂತ್ರಗಳ ಹೆಸರುಗಳು ಕಾಣುತ್ತಿದ್ದವು. ಆದರೆ ಯಾವ ಹೆಸರು ಯಾವ ಪೆಟ್ಟಿಗೆಯದು ಎಂಬುದನ್ನು ಇಲ್ಲಿ ಬಂದು ಚೀಟಿ ನೋಡಿಯೇ ತಿಳಿಯಬೇಕು. ಇಲ್ಲಿ ನೋಡಿದರೆ ಎಲ್ಲ ಪೆಟ್ಟಿಗೆಗಳೂ ವಿಭೂತಿ ಧರಿಸಿ ಸಾಲಾಗಿ ಪೂಜೆಗೆ ಕುಳಿತಿವೆ. "ಕಾಕಾ, ಇದೇನ್ರಿ?" ಎಂದ. "ವಿಭೂತಿ" ಎಂದೆ. "ಅದು ಕಾಣ್ಲತದ. ಇದರಾಗ ಹಾಜರಿ ಮಷಿನ್ ಯಾವ್ದು?" ಎಂದ. "ಸೋದರಮಾವ ಇರಬೇಕು. ಇಲ್ಲಾ ದೊಡ್ಡಕ್ಕ" ಎಂದೆ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಭಾಲ್ಕಿಯವನು, ವಿಭೂತಿಗೆ ಬೈಯುವುದು ಹೇಗೆ? ಕೊನೆಗೆ ನಿಟ್ಟುಸಿರು ಬಿಟ್ಟು, "ಒಂದೊಂದೇ ಬಂದ್ ಮಾಡ್ಕೋತ ಹೋಗಮು ಕಾಕಾ. ಯಾರ್ ಒದರ್ತಾರ ನೋಡಮು" ಎಂದ.

ಇದು ಅವರ ಕಸುಬಿನಲ್ಲಿ ಎಲ್ಲರೂ ಮಾಡುವ ಕ್ರಮವಂತೆ. ಯಂತ್ರವನ್ನು ನಿಲ್ಲಿಸುವುದು, ಕಿವಿಗೊಟ್ಟು ಕೂಡುವುದು. ಯಾರಾದರೂ ಒದರಿದರೆ ಅದು ಅವರ ಯಂತ್ರ ಎಂದು ಗೊತ್ತಾಯಿತು, ಮತ್ತೆ ಹಚ್ಚಿ ಅದರ ಕೆಲಸವನ್ನು ನಾಸಿಕ್ಕಿಗೆ ಸಾಗಿಸುವುದು. ಯಾರೂ ಒದರದಿದ್ದರೆ ಅದು ಗುಜರಿಗೆ. ಇದೆಂಥ ನ್ಯಾಯ ಸ್ವಾಮಿ? ಒದರುವವರಿದ್ದರೆ ಮಾತ್ರ ಬೆಲೆಯೇ? ಮರ್ಯಾದಸ್ಥರು ಕಷ್ಟವನ್ನು ನುಂಗಿಕೊಂಡು ಸುಮ್ಮನಿರುತ್ತಾರೆ ಎಂಬ ಸಾಮಾನ್ಯ ಜ್ಞಾನವೂ ಇವರಿಗೆ ಇಲ್ಲವೇ? ನಮ್ಮ ಓಣಿಯಲ್ಲಿ ನಲ್ಲಿಗೆ ನೀರು ಬರದಿದ್ದರೆ ನಾನು ಎಂದಾದರೂ ಒದರಿದ್ದೇನೆಯೇ? ಸುವರ್ಣಾ ಒದರುತ್ತಾಳೆ, ನೀರು ಬರುತ್ತದೆ, ಆ ಮಾತು ಬೇರೆ.

ಸೋದರಮಾವನನ್ನು ಬಂದ್ ಮಾಡಿದ ಸ್ವಲ್ಪ ಹೊತ್ತಿಗೇ ಗೇಟಿನಲ್ಲಿ ಗದ್ದಲವೆದ್ದಿತು. ಹಾಜರಿ ಬೀಳುತ್ತಿಲ್ಲ ಎಂದು ಎರಡನೇ ಪಾಳಿಯವರು ಬೊಬ್ಬೆ ಹಾಕುತ್ತಿದ್ದರು. ನನಗೆ ಎಷ್ಟು ಆನಂದವಾಯಿತೆಂದರೆ ಬಿರಾದಾರನಿಗೆ ಚಹಾ ತರಿಸಿದೆ. ಅವನು ಚಹಾ ಕುಡಿದು, ಸೋದರಮಾವನ ಕೆಲಸವನ್ನು ನಾಸಿಕ್‌ನ ಹೊಸ ಯಂತ್ರದ ಹೊಟ್ಟೆಗೆ ಸೇರಿಸಿದ. ಮರುದಿನ ಹಾಜರಿ ಮೊದಲಿಗಿಂತ ಬೇಗ ಬೀಳಲು ಶುರುವಾಯಿತು. ದೊಡ್ಡಕ್ಕನನ್ನು ನಿಲ್ಲಿಸಿದಾಗ ನಕ್ಷೆ ವಿಭಾಗದವರು ಒದರಿದರು, ಅವಳೂ ನಾಸಿಕ್ಕಿಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಹೋದವರ ಬಗ್ಗೆ ಒಬ್ಬರಾದರೂ ಕಣ್ಣೀರು ಹಾಕುವುದು ಬೇಡವೇ? "ಸರ್, ಆತಾ ಲಯಿ ಫಾಸ್ಟ್ ಝಾಲಂ" ಎಂದು, ಈಗ ಭಾರೀ ವೇಗವಾಯಿತು ಎಂದು, ನನ್ನ ಮುಖದೆದುರಿಗೇ ಹೊಗಳಿದರು. ಇಷ್ಟು ವರ್ಷ ಅವರ ಕೆಲಸ ನಿಧಾನವಾಗಿ ನಡೆಯುತ್ತಿತ್ತು ಎಂಬುದನ್ನು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕೊನೆಗೆ ಉಳಿದವನು ದೊಡ್ಡಪ್ಪ. ಗುಂಡಿ ಒತ್ತಲು ನನ್ನ ಕೈ ಬರಲಿಲ್ಲ, ಬಿರಾದಾರನೇ ಒತ್ತಿದ. ಕೆಮ್ಮು ನಿಂತಿತು, ಹಸಿರು ದೀಪ ಆರಿತು. ನಾವಿಬ್ಬರೂ ಕಿವಿಗೊಟ್ಟೆವು. ಒಂದು ದಿನ ಹೋಯಿತು, ಇನ್ನೊಂದು ದಿನ ಹೋಯಿತು. ನನ್ನ ಮನೆ, ನನ್ನ ರೂಮು, ನನ್ನ ಸ್ವೆಟರ್ ಎಲ್ಲವೂ ಯಾರಾದರೂ ಒಬ್ಬರು ಒದರುವುದರ ಮೇಲೆ ನಿಂತಿತ್ತು. ತಡೆಯಲಾರದೆ ನಾನೇ ವಿಭಾಗ ವಿಭಾಗಕ್ಕೆ ಹೋಗಿ ವಿಚಾರಿಸತೊಡಗಿದೆ. ಅಕೌಂಟ್ಸ್‌ನಲ್ಲಿ ಶಿಂದೆ ತಾಯಿ ಇದ್ದಾರೆ, ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಅವರ ಮೇಜಿನ ಮುಂದೆ ನಿಂತು, ಏನಾದರೂ ತೊಂದರೆ ಇದೆಯೇ, ಏನಾದರೂ ಕಳೆದಿದೆಯೇ, ತಲೆಯಾದರೂ ನೋಯುತ್ತಿದೆಯೇ ಎಂದು ಕೇಳಿದೆ. "ಕಾಹೀ ತ್ರಾಸ್ ನಾಹೀ ಸರ್" ಎಂದು ಆಕೆ ನಕ್ಕರು. ಇಂಥ ಸಮಯದಲ್ಲಿ ನಗುವವರನ್ನು ಏನೆನ್ನಬೇಕು. ಬಿರಾದಾರ ದೊಡ್ಡಪ್ಪನನ್ನು ಮತ್ತೊಮ್ಮೆ ಹಚ್ಚಿ, ಒಳಗೆಲ್ಲ ಜಾಲಾಡಿಸಿ, ಬಹಳ ಮೆತ್ತಗಿನ ದನಿಯಲ್ಲಿ ಹೇಳಿದ: "ಕಾಕಾ, ಇದು ದಿನಾ ಮುಂಜಾನಿ ಒಂದು ಖಾಲಿ ಫೋಲ್ಡರ್ ತಗೊಂಡು ಇನ್ನೊಂದು ಖಾಲಿ ಫೋಲ್ಡರಿಗಿ ನಕಲ್ ಮಾಡ್ಲತದ. ಮತ್ತೇನೂ ಇಲ್ರಿ." ದೊಡ್ಡಪ್ಪನ ಹಣೆಯ ವಿಭೂತಿ ಒರೆಸಿದೆ, ಅವನನ್ನು ಗುಜರಿಯ ಟೆಂಪೋಗೆ ಏರಿಸಿದರು.

ಬಿರಾದಾರ ನಾಸಿಕ್ಕಿಗೆ ಹೊರಟು ಹೋದ. ಹೋಗುವಾಗ, ಇನ್ನು ಎಸಿಯನ್ನೂ ಬಂದ್ ಮಾಡಿಬಿಡಿ ಎಂದಿದ್ದ. ಖಾಲಿ ರೂಮಿನಲ್ಲಿ ಎದೆ ಗಟ್ಟಿಮಾಡಿಕೊಂಡು ಮುಂಜಾನೆ ಎಸಿ ಆರಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ಶಿಂದೆ ತಾಯಿ ಗಾಬರಿಯಿಂದ ಒಳಗೆ ಬಂದು, ಎಸಿ ಯಾಕೆ ಬಂದ್ ಮಾಡಿದಿರಿ ಎಂದು ಮರಾಠಿಯಲ್ಲಿ ಕೂಗಾಡಿದರು. ನನ್ನ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬರಿಗೆ ನನ್ನ ಯಂತ್ರಗಳ ಬಗ್ಗೆ ಕರುಳು ಚುರುಕ್ ಎಂದಿತಲ್ಲ. "ಎಲ್ಲ ಮುಗಿಯಿತು ತಾಯಿ" ಎನ್ನುತ್ತಿದ್ದೆ, ಆಕೆ ನನ್ನನ್ನು ದಾಟಿ ಹಿಂದಿನ ಸಾಲಿಗೆ ಹೋಗಿ, ಖಾಲಿ ಚೌಕಟ್ಟಿನ ಹಿಂದೆ ಬಗ್ಗಿ, ಶ್ರೀಖಂಡದ ಡಬ್ಬಿ ಹೊರತೆಗೆದು ಮುಚ್ಚಳ ಬಿಚ್ಚಿ ಮೂಸಿ ನೋಡಿದರು. ಅವರ ಬೆನ್ನಿಗೇ ಕ್ಯಾಂಟೀನಿನವನು ಮೊಸರಿನ ಕ್ಯಾನ್ ಹುಡುಕಿಕೊಂಡು ಬಂದ. ಡಿಸ್ಪ್ಯಾಚಿನ ಜಾಧವ ಹಾಪೂಸ್ ಮಾವಿನಹಣ್ಣಿನ ಪೆಟ್ಟಿಗೆಗೆ ಬಂದ. ಜನರಲ್ ಮ್ಯಾನೇಜರರ ಚಾಲಕ, ನಾಸಿಕ್‌ನಿಂದ ಸಾಹೇಬರಿಗೆ ಬಂದ ದ್ರಾಕ್ಷಿ ಕೆಟ್ಟಿತೇ ಎಂದು ಓಡಿ ಬಂದ. ಹೊಸ ಶೆಡ್ ಕಟ್ಟುವ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು, "ಅಣ್ಣಾರ, ನಮ್ಮ ನೀರಿನ ಬಾಟ್ಲಿ ಎಲ್ಲಾ ಕಾಯ್ದು ಬಿಸಿ ಆಗ್ಯಾವಲ್ರಿ" ಎಂದು ನನಗೇ ದಬಾಯಿಸಿದಳು.

ಇವರೆಲ್ಲ ದಿನವೂ ನನ್ನ ರೂಮಿಗೆ ಬರುತ್ತಿದ್ದವರೇ. ಚಪ್ಪಲಿ ಕಳಚಿ, ನನಗೊಂದು ನಮಸ್ಕಾರ ಹೇಳಿ, ಹಿಂದಿನ ಸಾಲಿಗೆ ಹೋಗಿ ಬಗ್ಗಿ ಬರುತ್ತಿದ್ದರು. ನನ್ನ ಕುರ್ಚಿ ಬಾಗಿಲ ಕಡೆಗೆ ಮುಖ ಮಾಡಿತ್ತು. ದೊಡ್ಡಪ್ಪನಿಗೆ ಕೈಮುಗಿಯುತ್ತಾರೆ, ನನ್ನ ಪೂಜೆಯಿಂದ ಈ ಮರಾಠಿ ಜನಕ್ಕೂ ಭಕ್ತಿ ಹುಟ್ಟಿತು ಎಂದು ನಾನು ಊರಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದೆ.

ಅಂದು ಕಾರ್ಖಾನೆಯಲ್ಲಿ ಎದ್ದ ಗದ್ದಲ ಹಾಜರಿ ನಿಂತಾಗಲೂ ಎದ್ದಿರಲಿಲ್ಲ. ಜನರಲ್ ಮ್ಯಾನೇಜರರೇ ನಾಸಿಕ್ಕಿಗೆ ಫೋನ್ ಹಚ್ಚಿ, ರೂಮು ಇರಲೇಬೇಕು, ಎಸಿಯೂ ಇರಬೇಕು, ಆಪತ್ಕಾಲಕ್ಕೆ ಒಂದು ಸಣ್ಣ ಯಂತ್ರವನ್ನು ಇಲ್ಲಿಯೇ ಇಡಿ ಎಂದು ಆಜ್ಞೆ ಮಾಡಿದರು. ಸಂಜೆ ಬಿರಾದಾರನ ಫೋನ್ ಬಂತು. ನಗು ತಡೆಯಲಾಗದೆ ಅವನ ಮಾತು ತುಂಡಾಗುತ್ತಿತ್ತು. "ಕಾಕಾ, ರೂಮ್ ಉಳೀತು" ಎಂದ. "ನಾ?" ಎಂದೆ. "ನೀವೂ ಇರ್ರಿ ಅಲ್ಲೇ. ಕೀಲಿ ಯಾರರ ಹಿಡೀಬೇಕಲ್ರಿ" ಎಂದ. ಸುವರ್ಣಾಳಿಗೆ ಸಂತೋಷವಾಯಿತು. ಹಬ್ಬದ ಆರ್ಡರಿನ ಹೋಳಿಗೆಯ ಹೂರಣ ಇಡಲು ಆ ರೂಮಿನಲ್ಲಿ ಜಾಗ ಎಷ್ಟಿದೆ ಎಂದು ಕೇಳಿದಳು. ನನ್ನ ಬದುಕು ಉಳಿದದ್ದು ಶ್ರೀಖಂಡದಿಂದ ಎಂಬ ಅವಮಾನವನ್ನು ಯಾರ ಮುಂದೆ ಹೇಳಿಕೊಳ್ಳುವುದು? ಯಂತ್ರಕ್ಕೆ ಒದರಲಿಲ್ಲ, ಮೊಸರಿಗೆ ಒದರಿದರು. ನನಗೆ ಯಾರು ಒದರುತ್ತಾರೆ ಎಂದು ಯೋಚಿಸಿದಷ್ಟೂ ಸಿಟ್ಟು ನೆತ್ತಿಗೇರಿತು.

ಅದೇ ಸಿಟ್ಟಿನಲ್ಲಿ ರಜೆ ಹಾಕಿ, ಸೋದರ ಸೊಸೆಯ ನಿಶ್ಚಿತಾರ್ಥದ ನೆಪ ಮಾಡಿಕೊಂಡು, ಸುವರ್ಣಾಳ ಜೊತೆ ಹುಮನಾಬಾದಿಗೆ ಹೋದೆ. ನಾನೂ ಒಂದಿಷ್ಟು ದಿನ ಬಂದ್ ಆಗುತ್ತೇನೆ, ಇವರಿಗೆ ಗೊತ್ತಾಗಲಿ ಎಂದು. ಶನಿವಾರ, ರವಿವಾರ ಫೋನು ಸುಮ್ಮನೆ ಬಿದ್ದಿತ್ತು. ಊಟದ ಪಂಕ್ತಿಯಲ್ಲಿಯೂ ಅದನ್ನು ಬಾಳೆಲೆಯ ಪಕ್ಕ ಇಟ್ಟುಕೊಂಡೆ. ಸೋಮವಾರ ಬೆಳಿಗ್ಗೆ, ಕಾರ್ಖಾನೆ ಶುರುವಾದ ಹೊತ್ತಿಗೆ, ಅದು ಬಾರಿಸಿತು. ಆಮೇಲೆ ಬಾರಿಸುತ್ತಲೇ ಇತ್ತು. ಶಿಂದೆ ತಾಯಿ, ಜಾಧವ, ಕ್ಯಾಂಟೀನಿನವನು, ಕೊನೆಗೆ ನಾಸಿಕ್‌ನಿಂದ ಸ್ವತಃ ಬಿರಾದಾರ. ನಾನು ಅಂಗಳಕ್ಕೆ ಬಂದು, ನೆಂಟರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಮಾತಾಡಿ, ಇವತ್ತೇ ಹೊರಟು ಬರುತ್ತೇನೆ, ಗಾಬರಿಯಾಗಬೇಡಿ ಎಂದು ಎಲ್ಲರಿಗೂ ಧೈರ್ಯ ಹೇಳಿದೆ.

"ಯಾರ್ದ್ರಿ ಅಷ್ಟ್ ಫೋನ್?" ಎಂದಳು ಸುವರ್ಣಾ.

"ಆಫೀಸಿಂದು. ನಾ ಇಲ್ಲದ ನಡೀವಲ್ದಂತ."

"ಏನ್ ನಡೀವಲ್ದಂತ?"

"ಕೀಲಿ ಸಿಗವಲ್ದಂತ. ಮರ್ತು ತಂದೀನಿ, ಏನ್ ಮಾಡ್ಲಿ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದಳು. ಉಡದಾರಕ್ಕೆ ಗಂಟು ಹಾಕಿ ಕಟ್ಟಿಕೊಂಡು ಬಂದ ಕೀಲಿಯನ್ನು ಮರೆತು ತಂದದ್ದು ಎಂದರೆ ಹೆಂಡತಿಯಾದವಳು ನಂಬುವುದು ಕಷ್ಟ.